ಏರ್ ಪಿಸ್ತೂಲಿಗೆ ಪೆಲೆಟ್ ಆರಿಸುವುದು ಹೇಗೆ? ಹುಬ್ಬಳ್ಳಿ-ಧಾರವಾಡದ ಹೊಸ ಶೂಟರ್‌ಗಳಿಗೆ ಮಾರ್ಗದರ್ಶಿ

ಏರ್ ಪಿಸ್ತೂಲು ಕೊಂಡ ಮನೆಯವರು ಮರುದಿನವೇ ಕೇಳುವ ಪ್ರಶ್ನೆ ಒಂದೇ: ಯಾವ ಪೆಲೆಟ್, ಅಂದರೆ ಗಾಳಿಯ ಒತ್ತಡದಿಂದ ಹಾರುವ ಪುಟ್ಟ ಸೀಸದ ಗುಂಡು, ತರಿಸಬೇಕು? ಅಂಗಡಿಯವರು ಎಲ್ಲಕ್ಕಿಂತ ದುಬಾರಿಯ ಡಬ್ಬಿ ತೋರಿಸುತ್ತಾರೆ. ಹಿರಿಯ ಶೂಟರ್ ತಾನು ಬಳಸುವುದನ್ನೇ ಹೇಳುತ್ತಾನೆ. ಇಬ್ಬರದೂ ಸುಳ್ಳಲ್ಲ, ಆದರೆ ಇಬ್ಬರ ಉತ್ತರವೂ ನಿಮ್ಮ ಪಿಸ್ತೂಲಿನದಲ್ಲ. ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ನಳಿಕೆಗಳು ಒಂದೇ ಪೆಲೆಟ್ಟನ್ನು ಮೆಚ್ಚಬೇಕೆಂದಿಲ್ಲ. ಉತ್ತರ ನಿಮ್ಮ ನಳಿಕೆಯೊಳಗೇ ಇದೆ. ಅದನ್ನು ಹೊರತೆಗೆಯುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ರಾಜ್ಯದ ಪ್ರಕಾಶ್ ನಂಜಪ್ಪ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಇದೇ ಆಯುಧದಿಂದ ಎರಡು ಕಂಚು ತಂದರು. ಅದರಲ್ಲೊಂದು ಸರಬ್ಜೋತ್ ಸಿಂಗ್ ಜೊತೆಗೂಡಿ ಆಡಿದ ಮಿಶ್ರ ತಂಡದ್ದು. ಆ ಪದಕಗಳನ್ನು ಟಿವಿಯಲ್ಲಿ ಕಂಡ ನಮ್ಮ ಮಕ್ಕಳು ಈಗ ಕೈಯಲ್ಲಿ ಪಿಸ್ತೂಲು ಹಿಡಿದಿದ್ದಾರೆ. ಅವರ ಹಣವೂ ಶ್ರಮವೂ ತಪ್ಪು ಡಬ್ಬಿಯ ಮೇಲೆ ಹೋಗಬಾರದು.

ಸೀಸ ಕರಗಿಸುವ ವಿಡಿಯೊಗಳ ಬಗ್ಗೆ ಮೊದಲು

ಮೊಬೈಲಿನಲ್ಲಿ ಅಮೆರಿಕದ ವಿಡಿಯೊಗಳು ಹೇರಳವಾಗಿ ಸಿಗುತ್ತವೆ. ಅಲ್ಲಿನ ರಿವಾಲ್ವರ್ ಶೂಟರ್‌ಗಳು ಮನೆಯ ಶೆಡ್ಡಿನಲ್ಲಿ ಸೀಸ ಕರಗಿಸಿ ಗುಂಡು ಎರಕ ಹೊಯ್ಯುತ್ತಾರೆ, ಮದ್ದು ತೂಗಿ ತೋಟಾ ತುಂಬುತ್ತಾರೆ. ಅಲ್ಲಿ ಅದು ಕಾನೂನು ಒಪ್ಪಿದ ಹವ್ಯಾಸ. ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ಆಯುಧವನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸಲು ಪ್ರತ್ಯೇಕ ಲೈಸೆನ್ಸ್ ಬೇಕು. ಮನೆಯಲ್ಲಿ ರಿವಾಲ್ವರಿಗೆ ಲೈಸೆನ್ಸ್ ಇದೆ, ಬೆಳೆ ಕಾಯಲು ಬಂದೂಕಿಗೆ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ತೋಟಾ ತುಂಬುವ ಅಧಿಕಾರ ಬರುವುದಿಲ್ಲ. ಇದು ಜೈಲಿಗೆ ಕರೆದೊಯ್ಯುವ ಅಪರಾಧ. ಕಾನೂನನ್ನು ಪಕ್ಕಕ್ಕಿಟ್ಟರೂ, ಮದ್ದಿನ ಅಳತೆಯಲ್ಲಿ ಆಗುವ ಒಂದು ಚೂರು ತಪ್ಪು ಬೆರಳನ್ನೋ ಕಣ್ಣನ್ನೋ ತೆಗೆಯುತ್ತದೆ. ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ನಾಡಬಂದೂಕು ಕಂಡು ಬೆಳೆದ ಹುಡುಗರಿಗೆ ಇದನ್ನು ಮನೆಯ ಹಿರಿಯರೇ ಖಂಡಿತವಾಗಿ ಹೇಳಬೇಕು.

ಆದರೆ ಆ ವಿಡಿಯೊಗಳಲ್ಲಿ ಅವರು ಕೇಳಿಕೊಳ್ಳುವ ಪ್ರಶ್ನೆಗಳು ಒಳ್ಳೆಯವು. ಗುಂಡಿನ ಆಕಾರ ಯಾವುದು, ತೂಕ ಎಷ್ಟು, ನಳಿಕೆಯ ಒಳಸುತ್ತಿಗೆ ಅದು ಕೂರುವುದೇ, ಅದನ್ನು ತಳ್ಳುವ ಬಲ ಪ್ರತಿ ಸಲವೂ ಒಂದೇ ಆಗಿರುತ್ತದೆಯೇ? ಈ ನಾಲ್ಕೂ ಪ್ರಶ್ನೆಗಳನ್ನು ಏರ್ ಪಿಸ್ತೂಲಿನಲ್ಲಿ ಮದ್ದಿನ ಗೊಡವೆಯಿಲ್ಲದೆ ಕೇಳಬಹುದು. 2016ರ ಆಯುಧ ನಿಯಮಗಳಂತೆ ನಳಿಕೆಯ ಒಳವ್ಯಾಸ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ಮೀರದ ಗಾಳಿ ಆಯುಧಕ್ಕೆ ಲೈಸೆನ್ಸ್ ಬೇಡ. ಸ್ಪರ್ಧೆಯ ಪಿಸ್ತೂಲುಗಳ ಶಕ್ತಿ ಸುಮಾರು ಐದು ಜೂಲ್ ಮಾತ್ರ. ಖರೀದಿಯ ರಸೀದಿಯನ್ನು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಿ. ಚಿಗರಿ ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಪಿಸ್ತೂಲು ಮುಚ್ಚಿದ ಪೆಟ್ಟಿಗೆಯಿಂದ ಹೊರಬರಬಾರದು. ನೋಡಿದವರಿಗೆ ಅದು ಗಾಳಿಯದೋ ಮದ್ದಿನದೋ ತಿಳಿಯುವುದಿಲ್ಲ.

ಆಕಾರ: ಚಪ್ಪಟೆ ತಲೆಯದೊಂದೇ

ಇಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ಚೂಪು ತಲೆಯ, ಗುಂಡು ತಲೆಯ, ಬಣ್ಣದ ತುದಿಯ ಪೆಲೆಟ್‌ಗಳು ಅಂಗಡಿಯಲ್ಲಿ ಇರುತ್ತವೆ, ಅವು ನಿಮಗಲ್ಲ. ಗುರಿ ಸ್ಪರ್ಧೆಗೆ ಚಪ್ಪಟೆ ತಲೆಯ ವಾಡ್‌ಕಟರ್ ಪೆಲೆಟ್ ಮಾತ್ರ ತೆಗೆದುಕೊಳ್ಳಿ. ಕಾಗದದ ಗುರಿಯಲ್ಲಿ ಅದು ಅಂಚು ಹರಿಯದ ದುಂಡು ತೂತನ್ನು ಕತ್ತರಿಸುತ್ತದೆ. ತೂತಿನ ಅಂಚು ಒಳಗಿನ ಗೆರೆಗೆ ತಾಗಿದರೆ ಹೆಚ್ಚಿನ ಅಂಕ ಕೊಡುವುದು ನಿಯಮ. ಚೂಪು ತಲೆಯದು ಕಾಗದವನ್ನು ಸೀಳುತ್ತದೆ, ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ, ಗೆರೆಗೆ ತಾಗಿತೋ ಇಲ್ಲವೋ ಎಂಬ ವಾದ ಹುಟ್ಟುತ್ತದೆ. 25 ಮೀಟರ್ ಸೆಂಟರ್‌ಫೈರ್ (ಮದ್ದಿನ ತೋಟಾ ಬಳಸುವ) ಸ್ಪರ್ಧೆಯಲ್ಲಿ .32 ಅಳತೆಯ ಪಿಸ್ತೂಲು ಬಳಸುವವರೂ ಚಪ್ಪಟೆ ತಲೆಯ ಸೀಸದ ಗುಂಡನ್ನೇ ಆರಿಸುವುದಕ್ಕೆ ಇದೂ ಒಂದು ಕಾರಣ.

ತೂಕ: ಅರ್ಧ ಗ್ರಾಮಿನ ಆಚೆ ಈಚೆ

ಸ್ಪರ್ಧೆಯ ಪೆಲೆಟ್‌ಗಳು ಎರಡು ತೂಕದ ಗುಂಪಿನಲ್ಲಿ ಸಿಗುತ್ತವೆ. ಪಿಸ್ತೂಲಿಗೆಂದು ಮಾಡಿದವು 0.45ರಿಂದ 0.49 ಗ್ರಾಂ. ರೈಫಲ್ಲಿಗೆಂದು ಮಾಡಿದವು ಸಾಮಾನ್ಯವಾಗಿ 0.53 ಗ್ರಾಂ ಆಸುಪಾಸು. ಜರ್ಮನಿಯ ಆರ್‌ಡಬ್ಲ್ಯುಎಸ್ ಆರ್10 ಎರಡೂ ತೂಕದಲ್ಲಿ ಬರುತ್ತದೆ. ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಚೆಕ್ ದೇಶದ ಜೆಎಸ್‌ಬಿ ಸಹ ನಮ್ಮ ಶೂಟರ್‌ಗಳ ಬಾಯಲ್ಲಿ ಕೇಳುವ ಹೆಸರುಗಳು.

ಹಗುರ ಪೆಲೆಟ್ ನಳಿಕೆಯಿಂದ ಬೇಗ ಹೊರಬೀಳುತ್ತದೆ, ಆದ್ದರಿಂದ ಕೈ ಅಲುಗಿದರೂ ಅಂಕ ಉಳಿಯುತ್ತದೆ ಎಂದು ಹಲವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. 0.45 ಗ್ರಾಮಿನ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ, ಅದೇ ಶಕ್ತಿಯಲ್ಲಿ 0.53 ಗ್ರಾಮಿನದು ಸುಮಾರು 138 ಮೀಟರ್ ವೇಗದಲ್ಲಿ ಹೊರಡುತ್ತದೆ. ನಳಿಕೆಯೊಳಗೆ ಕಳೆಯುವ ಸಮಯದಲ್ಲಿ ಆಗುವ ವ್ಯತ್ಯಾಸ ಒಂದು ಮಿಲಿಸೆಕೆಂಡಿಗಿಂತಲೂ ಬಹಳ ಕಡಿಮೆ. ಹೊಸ ಶೂಟರ್ ಟ್ರಿಗರನ್ನು ಕಿತ್ತೆಳೆಯುವಾಗ ಪಿಸ್ತೂಲಿನ ಮೂತಿ ತಿರುಗುವುದು ಇದಕ್ಕಿಂತ ಎಷ್ಟೋ ಮೊದಲು. ಆ ತಪ್ಪನ್ನು ಯಾವ ಹಗುರ ಪೆಲೆಟ್ಟೂ ಮುಚ್ಚುವುದಿಲ್ಲ.

ಹಾಗಿದ್ದರೂ ಪಿಸ್ತೂಲಿನ ತೂಕದಿಂದಲೇ ಆರಂಭಿಸಿ ಎನ್ನುತ್ತೇನೆ. ಪಿಸ್ತೂಲನ್ನು ಕಾರ್ಖಾನೆಯಲ್ಲಿ ಹೊಂದಿಸಿರುವುದು ಹೆಚ್ಚಾಗಿ ಆ ತೂಕಕ್ಕೆ. ನಿಮ್ಮ ನಳಿಕೆ ಭಾರದ ಪೆಲೆಟ್ಟನ್ನೇ ಒಪ್ಪಿದರೆ ಹಿಂಜರಿಯಬೇಡಿ, ಗುರಿ ನೋಡುವ ಸೈಟನ್ನು ಮಾತ್ರ ಹೊಸದಾಗಿ ಹೊಂದಿಸಿಕೊಳ್ಳಿ. ಹತ್ತು ಮೀಟರ್ ಹೋಗುವಷ್ಟರಲ್ಲಿ ಹಗುರ ಪೆಲೆಟ್ ಸುಮಾರು 22 ಮಿ.ಮೀ. ಕೆಳಗಿಳಿದರೆ ಭಾರದ್ದು ಸುಮಾರು 26 ಮಿ.ಮೀ. ಇಳಿಯುತ್ತದೆ. ನಾಲ್ಕು ಮಿ.ಮೀ. ಎಂದರೆ ಅರ್ಧ ಅಂಕದ ಅಗಲ.

ತಲೆಯ ಅಳತೆ

ಡಬ್ಬಿಯ ಬೆನ್ನಿಗೆ 4.48, 4.49, 4.50, 4.51 ಎಂಬಂಥ ಸಂಖ್ಯೆ ಇರುತ್ತದೆ. ಅದು ಪೆಲೆಟ್ಟಿನ ತಲೆಯ ವ್ಯಾಸ, ಮಿಲಿಮೀಟರಿನಲ್ಲಿ. ಅಂತರ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ, ಆದರೂ ಫಲ ಬೇರೆ. ನಳಿಕೆಯ ಒಳಗೆ ಸುರುಳಿ ಗೆರೆಗಳಿವೆ. ಪೆಲೆಟ್ಟಿನ ತಲೆ ಆ ಗೆರೆಗಳನ್ನು ಸರಿಯಾಗಿ ಹಿಡಿದುಕೊಂಡಾಗಲೇ ಅದು ನೇರವಾಗಿ ತಿರುಗುತ್ತ ಸಾಗುತ್ತದೆ. ತಲೆ ಸಡಿಲವಾದರೆ ಒಮ್ಮೆ ಓರೆಯಾಗಿ ಕೂರುತ್ತದೆ, ಒಮ್ಮೆ ನೆಟ್ಟಗೆ. ಬಿಗಿಯಾದರೆ ಸೀಸ ಸವೆದು ಆಕಾರ ಕೆಡುತ್ತದೆ. ಬಳೆಗಾರ ಕೈ ಹಿಡಿದು ನೋಡಿಯೇ ಬಳೆ ತೊಡಿಸುವಂತೆ, ಇಲ್ಲಿಯೂ ನಳಿಕೆಗೆ ತೊಡಿಸಿ ನೋಡಿಯೇ ತಿಳಿಯಬೇಕು.

ಮನೆಯ ವರ್ನಿಯರ್ ಕ್ಯಾಲಿಪರಿನಿಂದ ತಲೆಯ ವ್ಯಾಸ ಅಳೆಯಲು ಹೋಗಬೇಡಿ. ಸೀಸ ಮೆತ್ತಗಿರುತ್ತದೆ, ಕ್ಯಾಲಿಪರಿನ ಹಲ್ಲು ಒತ್ತಿದಲ್ಲೇ ಅದು ತಗ್ಗುತ್ತದೆ, ಅಳೆದದ್ದು ಸುಳ್ಳಾಗುತ್ತದೆ. ಡಬ್ಬಿಯ ಸಂಖ್ಯೆಯನ್ನು ನಂಬಿ, ತೀರ್ಪನ್ನು ಗುರಿಗೆ ಬಿಡಿ. ಮೊದಲ ಪರೀಕ್ಷೆಗೆ 4.49 ಮತ್ತು 4.50 ಸಾಕು. ಎರಡರಲ್ಲಿ 4.50 ಉತ್ತಮವಾಗಿ ಬಂದರೆ ಮುಂದಿನ ಸಲ 4.51 ತರಿಸಿ, 4.49 ಉತ್ತಮವಾದರೆ 4.48 ಕಡೆ ಇಳಿಯಿರಿ.

ಲಾಟ್ ನಂಬರ್: ಹೊಸಬರ ಕಣ್ಣಿಗೆ ಬೀಳದ ಚೀಟಿ

ಒಂದೇ ಹೆಸರು, ಒಂದೇ ತೂಕ, ಒಂದೇ ತಲೆ ಅಳತೆಯ ಎರಡು ಡಬ್ಬಿಗಳು ಬೇರೆ ಬೇರೆ ತಯಾರಿಕೆಯವಾದರೆ ಗುರಿಯ ಮೇಲೆ ಬೇರೆಯಾಗಿಯೇ ಬೀಳಬಹುದು. ಅಚ್ಚು ಸವೆಯುತ್ತದೆ, ಹೊಸ ಅಚ್ಚು ಬರುತ್ತದೆ, ಸೀಸದ ಮಿಶ್ರಣ ಒಂದಿಷ್ಟು ಬದಲಾಗುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಲಾಟ್ ನಂಬರನ್ನು (ಒಂದೇ ಸಲ ತಯಾರಾದ ಕಂತಿನ ಸಂಖ್ಯೆಯನ್ನು) ಹೆಸರಿನಷ್ಟೇ ಮುಖ್ಯವೆಂದು ತಿಳಿಯಿರಿ. ಬ್ರ್ಯಾಂಡಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಲಾಟ್ ನೋಡದೆ ಡಬ್ಬಿ ಕೊಳ್ಳುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ನಮ್ಮಲ್ಲಿ ತೊಡಕು ಇರುವುದು ಇಲ್ಲಿಯೇ. ಮ್ಯಾಚ್ ಪೆಲೆಟ್‌ಗಳನ್ನು, ಅಂದರೆ ಸ್ಪರ್ಧೆಯ ಪೆಲೆಟ್‌ಗಳನ್ನು, ಹೆಚ್ಚಾಗಿ ಬೆಂಗಳೂರು, ಪುಣೆ, ಮುಂಬಯಿಯಿಂದ ತರಿಸಬೇಕು, ಮತ್ತು ಬಿಡಿಬಿಡಿಯಾಗಿ ತರಿಸಿದರೆ ಪ್ರತಿ ಸಲ ಬೇರೆ ಲಾಟ್ ಬರುತ್ತದೆ. ಇದಕ್ಕೆ ಪರಿಹಾರ ಒಟ್ಟಾಗಿ ಕೊಳ್ಳುವುದು. ಹುಬ್ಬಳ್ಳಿ, ಧಾರವಾಡ, ಗದಗಿನ ನಾಲ್ಕೈದು ಮನೆಯವರು ಸೇರಿ ಮೊದಲು ಮೂರು ನಾಲ್ಕು ಬಗೆಯ ಒಂದೊಂದೇ ಡಬ್ಬಿ ತರಿಸಿ ಹಂಚಿಕೊಳ್ಳಿ. ಮಾರುವವರಿಗೆ ಫೋನ್ ಮಾಡಿ, ಅದೇ ಲಾಟ್‌ನ ಡಬ್ಬಿಗಳನ್ನು ಎರಡು ವಾರ ತೆಗೆದಿರಿಸಲು ಕೇಳಿ. ಮುಂಗಡ ಕೊಟ್ಟರೆ ಒಪ್ಪುವವರಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ನಳಿಕೆ ಒಪ್ಪಿದ್ದನ್ನು ಹೆಚ್ಚು ಸಂಖ್ಯೆಯಲ್ಲಿ ತರಿಸಿಕೊಳ್ಳಬಹುದು.

ಎಷ್ಟು ಬೇಕು? ಮ್ಯಾಚ್ ಪೆಲೆಟ್ ಸಾಮಾನ್ಯವಾಗಿ 500ರ ಡಬ್ಬಿಯಲ್ಲಿ ಬರುತ್ತದೆ. ಸ್ಪರ್ಧೆಯಲ್ಲಿ 60 ಹೊಡೆತ. ವಾರಕ್ಕೆ ಐದು ದಿನ ಅಷ್ಟೇ ಹೊಡೆದರೂ 300. ಐವತ್ತು ವಾರಕ್ಕೆ 15,000, ಅಂದರೆ 30 ಡಬ್ಬಿ. ಇಷ್ಟನ್ನೂ ದುಬಾರಿಯ ಪೆಲೆಟ್ಟಿನಲ್ಲಿ ಹೊಡೆಯುವುದು ಅನೇಕ ಮನೆಗಳಿಗೆ ಭಾರ. ಅಭ್ಯಾಸಕ್ಕೆ ಒಂದು, ಸ್ಪರ್ಧೆಗೆ ಒಂದು ಎಂದು ಎರಡು ಬಗೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಎರಡೂ ಚಪ್ಪಟೆ ತಲೆಯವಾಗಿರಲಿ, ಎರಡರ ತೂಕವೂ ಒಂದೇ ಆಗಿರಲಿ.

ಪರೀಕ್ಷೆಗೆ ಜಾಗ

ಗುರಿಯ ಮುಖದಿಂದ ನೀವು ನಿಲ್ಲುವ ಗೆರೆಗೆ ಸರಿಯಾಗಿ ಹತ್ತು ಮೀಟರ್ ಇರಬೇಕು. ಗುರಿಯ ನಡುಬಿಂದು ನೆಲದಿಂದ 1.40 ಮೀಟರ್ ಎತ್ತರದಲ್ಲಿ. ಮಾಳಮಡ್ಡಿಯಂಥ ಹಳೆಯ ಬಡಾವಣೆಗಳ ಉದ್ದನೆಯ ಮನೆಗಳಲ್ಲಿ ಪಡಸಾಲೆ ಮತ್ತು ನಡುಮನೆಯ ಬಾಗಿಲುಗಳು ಒಂದೇ ಸಾಲಿನಲ್ಲಿದ್ದರೆ ಹತ್ತು ಮೀಟರ್ ಸಿಗುತ್ತದೆ. ಹೊಸ ಫ್ಲ್ಯಾಟುಗಳಲ್ಲಿ ಸಿಗುವುದು ಕಷ್ಟ. ಗೋದಾಮು, ಮದುವೆಯ ಹಂಗಾಮು ಅಲ್ಲದಾಗ ಖಾಲಿ ಇರುವ ಸಣ್ಣ ಸಭಾಗೃಹ, ಶಾಲೆಯ ಮುಚ್ಚಿದ ಹಜಾರ ಇವನ್ನು ಕೇಳಿ ನೋಡಿ. ಮಾಳಿಗೆಯ ಮೇಲೆ ಬೇಡವೇ ಬೇಡ. ಅಲ್ಲಿ ಗಾಳಿ ಇದೆ, ಎರೆಮಣ್ಣಿನ ದೂಳಿದೆ, ಎಲ್ಲಕ್ಕಿಂತ ಮಿಗಿಲಾಗಿ ಪಕ್ಕದ ಮನೆಯ ಮಾಳಿಗೆ ಇದೆ. ಗದಗಿನವರಂತೂ ಬಯಲಿನಲ್ಲಿ ಹೊಡೆದು ಪೆಲೆಟ್ಟನ್ನು ಅಳೆಯುವ ಯೋಚನೆ ಬಿಡಬೇಕು. ಕಪ್ಪತಗುಡ್ಡದ ಕಡೆ ಸಾಲುಸಾಲು ಗಾಳಿಯಂತ್ರ ತಿರುಗಿಸುವ ಗಾಳಿಗೆ ಅರ್ಧ ಗ್ರಾಮಿನ ಸೀಸ ಯಾವ ಲೆಕ್ಕ?

ಗುರಿಯ ಹಿಂದೆ ಕೆಳಮುಖವಾಗಿ ಓರೆಯಾಗಿಸಿದ ದಪ್ಪ ಉಕ್ಕಿನ ತಗಡು, ಅದರ ಕೆಳಗೆ ಮರಳಿನ ತಟ್ಟೆ ಇರುವ ಪೆಟ್ಟಿಗೆ ಬೇಕು. ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ. ತಗಡು ನೆಟ್ಟಗೆ ನಿಂತಿದ್ದರೆ, ಅಥವಾ ಹಿಂದೆ ಗಟ್ಟಿ ಮರದ ಹಲಗೆ ಇದ್ದರೆ ಪೆಲೆಟ್ ಹಿಂದಕ್ಕೆ ಪುಟಿಯುತ್ತದೆ. ಹೊಡೆಯುವವರೂ ನೋಡುವವರೂ ರಕ್ಷಣೆಯ ಕನ್ನಡಕ ಹಾಕಿಕೊಳ್ಳಲಿ. ಗುರಿಯ ಕಡೆಗೆ ತೆರೆಯುವ ಪ್ರತಿ ಬಾಗಿಲಿಗೂ ಒಳಗಿನಿಂದ ಚಿಲಕ ಬೀಳಬೇಕು. ಚಹಾ ತರುವ ಅಮ್ಮ ಆ ದಾರಿಯಲ್ಲಿ ಬರುವಂತಿರಬಾರದು.

ಗುರಿಯ ಕಾಗದಕ್ಕೆ ಝೆರಾಕ್ಸ್ ಪ್ರತಿ ಬಳಸುವವರು ಎರಡು ವಿಷಯ ನೋಡಿ. ನಡುವಿನ ಕಪ್ಪು ವೃತ್ತದ ಅಡ್ಡಳತೆ 59.5 ಮಿ.ಮೀ. ಇರಬೇಕು, ಯಂತ್ರ ಎಷ್ಟೋ ಸಲ ಕುಗ್ಗಿಸಿಬಿಡುತ್ತದೆ. ಮತ್ತೆ ತೆಳು ಕಾಗದ ಹರಿಯುತ್ತದೆ, ಆದ್ದರಿಂದ ಹಿಂದೆ ರಟ್ಟು ಅಂಟಿಸಿ. ಪರೀಕ್ಷೆಯ ಮಟ್ಟಿಗಾದರೂ ಸ್ಪರ್ಧೆಯ ದಪ್ಪ ಕಾರ್ಡು ಬಳಸಿದರೆ ಒಳ್ಳೆಯದು.

ಪರೀಕ್ಷೆ

ಮೊದಲ ಪ್ರಶ್ನೆ: ನಿಮಗೆ ಈಗ ಪರೀಕ್ಷೆ ಬೇಕೇ? ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., ಪೆಲೆಟ್ಟಿನದು 4.5. ಗೆರೆ ತಾಗಿದರೂ ಹತ್ತು ಸಿಗುವುದರಿಂದ, ಪೆಲೆಟ್ಟಿನ ನಡುಬಿಂದು ಗುರಿಯ ನಡುವಿನಿಂದ 8 ಮಿ.ಮೀ. ಒಳಗೆ ಬಿದ್ದರೆ ಹತ್ತು ನಿಮ್ಮದು. ನಂತರದ ಪ್ರತಿ ಅಂಕಕ್ಕೂ 8 ಮಿ.ಮೀ. ಒಳ್ಳೆಯ ಪೆಲೆಟ್ ತನ್ನಷ್ಟಕ್ಕೆ ನಡುವಿನಿಂದ ಒಂದು ಮಿಲಿಮೀಟರ್ ಅತ್ತಿತ್ತ ಹೋದರೆ, ಹೊಂದದ ಪೆಲೆಟ್ ಮೂರು ಮಿಲಿಮೀಟರ್ ಹೋಗಬಹುದು. ಹೊಡೆತಗಳು ಏಳರಿಂದ ಹತ್ತರವರೆಗೆ ಕಪ್ಪು ವೃತ್ತದ ತುಂಬ ಚದುರುತ್ತಿರುವ ಹೊಸಬರಿಗೆ ಈ ಎರಡು ಮಿಲಿಮೀಟರ್ ಕಾಣುವುದೇ ಇಲ್ಲ. ಅವರು ಯಾವುದಾದರೂ ಸಾಧಾರಣ ಬೆಲೆಯ ಚಪ್ಪಟೆ ತಲೆಯ ಪೆಲೆಟ್ ತೆಗೆದುಕೊಂಡು, ಉಳಿದ ಹಣವನ್ನು ಹೆಚ್ಚು ಡಬ್ಬಿಗೂ ಒಳ್ಳೆಯ ಕೋಚ್‌ಗೂ ಕೊಡಲಿ. ಅಂಕ ನಿಯಮಿತವಾಗಿ ಒಂಬತ್ತು-ಹತ್ತರಲ್ಲಿ ಬೀಳತೊಡಗಿದಾಗ ಲೆಕ್ಕ ಬದಲಾಗುತ್ತದೆ. ಆಗ ಕೈ ಆರು ಮಿಲಿಮೀಟರಿನಲ್ಲಿ ಇಟ್ಟ ಹೊಡೆತವನ್ನು ಕೆಟ್ಟ ಪೆಲೆಟ್ ಒಂಬತ್ತಕ್ಕೆ ಒಯ್ದು, ಅವತ್ತಿನ ಒಂದು ಅಂಕವನ್ನು ತಿನ್ನುತ್ತದೆ. 60 ಹೊಡೆತದಲ್ಲಿ ಇಂಥವು ಮೂರು ನಾಲ್ಕಾದರೆ ರಾಜ್ಯ ಸ್ಪರ್ಧೆಯ ಪಟ್ಟಿಯಲ್ಲಿ ಹೆಸರು ಎಷ್ಟೋ ಕೆಳಗಿಳಿಯುತ್ತದೆ.

ಪರೀಕ್ಷೆಯ ದಿನ ಕೈಯ ನಡುಕವನ್ನು ಲೆಕ್ಕದಿಂದ ತೆಗೆಯಬೇಕು. ನಿಂತು ಒಂದೇ ಕೈಯಲ್ಲಿ ಹೊಡೆದು ಪೆಲೆಟ್ ಅಳೆಯಲು ಬರುವುದಿಲ್ಲ. ಅಲುಗದ ಭಾರದ ಮೇಜು ಇಡಿ, ಮೇಲೆ ಅಕ್ಕಿಯೋ ಮರಳೋ ತುಂಬಿದ ಬಟ್ಟೆಯ ಚೀಲ, ಅದರ ಮೇಲೆ ಪಿಸ್ತೂಲಿನ ಚೌಕಟ್ಟು. ನಳಿಕೆ ಯಾವುದಕ್ಕೂ ತಾಗಬಾರದು. ಕುಳಿತು, ಎರಡೂ ಕೈಯಿಂದ ಹಿಡಿದು, ಪ್ರತಿ ಹೊಡೆತಕ್ಕೂ ಪಿಸ್ತೂಲು ಚೀಲದ ಅದೇ ಗುಳಿಯಲ್ಲಿ ಕೂರುವಂತೆ ನೋಡಿಕೊಳ್ಳಿ. ಬಡಗಿಯ ವೈಸಿಗೆ (ಬಿಗಿಹಿಡಿಯುವ ಇಕ್ಕಳಕ್ಕೆ) ಪಿಸ್ತೂಲು ಬಿಗಿಯುವ ಹಂಬಲ ಕೆಲವರಿಗೆ ಬರುತ್ತದೆ. ಗಾಳಿ ಸಿಲಿಂಡರ್ ಇರುವ ಜಾಗವನ್ನು ಬಿಗಿದರೆ ಪಿಸ್ತೂಲು ಕೆಡುತ್ತದೆ. ಸಿಲಿಂಡರಿನ ಬದಲು ಒಳಗಿನ ಸ್ಪ್ರಿಂಗಿನಿಂದ ಗಾಳಿ ಒತ್ತುವ ಸ್ಪ್ರಿಂಗ್ ಪಿಸ್ತೂಲನ್ನಂತೂ ಬಿಗಿಯಲೇಬಾರದು. ಅದು ಹೊಡೆದಾಗ ಎಗರುತ್ತದೆ, ಬಿಗಿದಾಗ ಎಗರುವ ರೀತಿ ಬದಲಾಗಿ ತೂತುಗಳು ಬೇರೆಡೆ ಬೀಳುತ್ತವೆ. ಮೆತ್ತನೆಯ ದಿಂಬಿನ ಮೇಲೆ ಕೈ ಇಟ್ಟು, ಆ ಕೈಯಲ್ಲಿ ಹಿಡಿದೇ ಹೊಡೆಯಿರಿ.

ಹೊಸ ಡಬ್ಬಿ ತೆರೆದ ಕೂಡಲೇ ಹೊಡೆದ ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ಪೆಲೆಟ್ಟಿನ ಸೀಸದ ಪದರ, ಅದಕ್ಕೆ ಸವರಿದ ಎಣ್ಣೆ ನಳಿಕೆಯಲ್ಲಿ ಉಳಿದಿರುತ್ತದೆ. ಬಗೆ ಬದಲಿಸಿದಾಗಲೆಲ್ಲ ಹತ್ತು ಪೆಲೆಟ್ ಖಾಲಿ ಕಾಗದಕ್ಕೆ ಹೊಡೆದು, ನಂತರ ಐದು ಹೊಡೆತದ ಒಂದು ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು) ಮಾಡಿ. ಗ್ರೂಪ್ ಹತ್ತರ ನಡುವಿನಲ್ಲೇ ಬೀಳಬೇಕೆಂದಿಲ್ಲ. ಎಲ್ಲಿ ಬಿತ್ತು ಎಂಬುದಲ್ಲ, ಎಷ್ಟು ಒತ್ತಾಗಿ ಬಿತ್ತು ಎಂಬುದಷ್ಟೇ ಈಗ ಮುಖ್ಯ. ಪರೀಕ್ಷೆ ಮುಗಿಯುವ ತನಕ ಸೈಟ್ ಮುಟ್ಟಬೇಡಿ.

ಒಂದು ಬಗೆಗೆ ಒಂದೇ ಗ್ರೂಪ್ ಹೊಡೆದು ತೀರ್ಪು ಕೊಡುವುದು ಎಲ್ಲೆಡೆ ಕಾಣುವ ಅವಸರ. ಐದು ಹೊಡೆತ ಅದೃಷ್ಟದಿಂದಲೂ ಒತ್ತಾಗಿ ಬೀಳುತ್ತವೆ. ಬಗೆಯೊಂದಕ್ಕೆ ಐದು ಗ್ರೂಪಾದರೂ ಬೇಕು. ಅದೂ ಒಂದೇ ಬಗೆಯ ಐದನ್ನು ಒಟ್ಟಿಗೆ ಮುಗಿಸಬೇಡಿ, ಏಕೆಂದರೆ ಕಣ್ಣು ದಣಿದ ಮೇಲೆ ಬಂದ ಕೊನೆಯ ಬಗೆಗೆ ಅನ್ಯಾಯವಾಗುತ್ತದೆ. ಮೂರು ಬಗೆ ಇದ್ದರೆ ಒಂದು, ಎರಡು, ಮೂರು. ಮತ್ತೆ ಒಂದು, ಎರಡು, ಮೂರು ಎಂದು ಸರದಿಯಲ್ಲಿ ಸಾಗಿ. ಸಾಧ್ಯವಾದರೆ ಇನ್ನೊಬ್ಬರು ಪೆಲೆಟ್ಟನ್ನು ಹೆಸರಿಲ್ಲದ ಬಟ್ಟಲಿನಲ್ಲಿ ಇಟ್ಟು ಕೊಡಲಿ. ದುಬಾರಿಯದು ಯಾವುದು ಎಂದು ಗೊತ್ತಿದ್ದರೆ ಬೆರಳು ಅದಕ್ಕೆ ಹೆಚ್ಚು ಎಚ್ಚರ ವಹಿಸುತ್ತದೆ. ಇದು ಎಲ್ಲರಿಗೂ ಆಗುವಂಥದು.

ಅಳೆಯುವ ಕ್ರಮ ಸುಲಭ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು, ಬಂದದ್ದರಲ್ಲಿ 4.5 ಕಳೆಯಿರಿ. ಹೊರ ಅಳತೆ 7 ಮಿ.ಮೀ. ಆದರೆ ಗ್ರೂಪ್ 2.5 ಮಿ.ಮೀ. ಕಾಗದ ಸ್ವಲ್ಪ ಹಿಂದಕ್ಕೆ ಮುಚ್ಚಿಕೊಳ್ಳುವುದರಿಂದ ನಿಜದ ತೂತು 4.5ಕ್ಕಿಂತ ಕಿರಿದು, ಎಲ್ಲ ಬಗೆಗೂ ಒಂದೇ ಕಾಗದ ಬಳಸಿದರೆ ಹೋಲಿಕೆಗೆ ತೊಂದರೆಯಿಲ್ಲ. ಐದು ಗ್ರೂಪಿನ ಸರಾಸರಿ ತೆಗೆಯಿರಿ, ಜೊತೆಗೆ ಅತಿ ದೊಡ್ಡದನ್ನು ಪ್ರತ್ಯೇಕವಾಗಿ ಬರೆಯಿರಿ. ಸರಾಸರಿಗಳು ಹತ್ತಿರ ಹತ್ತಿರ ಬಂದರೆ ನಾನು ಆ ದೊಡ್ಡ ಗ್ರೂಪ್ ಚಿಕ್ಕದಾಗಿರುವ ಬಗೆಯನ್ನೇ ಆರಿಸುತ್ತೇನೆ. ನಾಲ್ಕು ಸಲ ಚೆನ್ನಾಗಿ ಹೊಡೆದು ಐದನೆಯ ಸಲ ದೂರ ಎಸೆಯುವ ಪೆಲೆಟ್ ಶೂಟರ್‌ನ ಮನಸ್ಸು ಕೆಡಿಸುತ್ತದೆ. ತಪ್ಪು ತನ್ನದೋ ಸೀಸದ್ದೋ ತಿಳಿಯದೆ ಮುಂದಿನ ಹತ್ತು ಹೊಡೆತವೂ ಕೆಡುತ್ತವೆ.

ಮ್ಯಾಚ್ ಪಿಸ್ತೂಲಿನ ಪೆಟ್ಟಿಗೆಯಲ್ಲಿ ಕಾರ್ಖಾನೆಯವರು ಹೊಡೆದು ಇಟ್ಟ ಪರೀಕ್ಷೆಯ ಕಾರ್ಡ್ ಬರುತ್ತದೆ. ಅದನ್ನು ಎಸೆಯಬೇಡಿ. ನಿಮ್ಮ ಗ್ರೂಪ್ ಅದರ ಸಮೀಪಕ್ಕೆ ಬಂದರೆ ಹುಡುಕಾಟ ನಿಲ್ಲಿಸಿ ಅಭ್ಯಾಸಕ್ಕೆ ತೊಡಗಿ. ಯಾವ ಬಗೆಯೂ ಸಮೀಪಕ್ಕೆ ಬರದಿದ್ದರೆ ಪೆಲೆಟ್ ದೂರುವ ಮೊದಲು ನಳಿಕೆ ಕೊಳೆಯಾಗಿದೆಯೇ, ಹಿಂದಿನ ಸೈಟಿನ ಸ್ಕ್ರೂ ಸಡಿಲವಾಗಿದೆಯೇ, ಹಿಡಿಕೆ ಅಲುಗುತ್ತಿದೆಯೇ ನೋಡಿ. ನಳಿಕೆ ಶುಚಿ ಮಾಡಲು ಉಣ್ಣೆಯ ಪೆಲೆಟ್ ಸಾಕು. ಕಬ್ಬಿಣದ ಸಲಾಕೆ ತೂರಿಸಬೇಡಿ.

ತೂಗಿ ವಿಂಗಡಿಸಬೇಕೆ?

ಅಕ್ಕಸಾಲಿಗರ ಬಳಿ ಮಿಲಿಗ್ರಾಂ ತೋರಿಸುವ ತಕ್ಕಡಿ ಇರುತ್ತದೆ, ಪರಿಚಯವಿದ್ದರೆ ಒಂದು ಮಧ್ಯಾಹ್ನ ಬಿಡುತ್ತಾರೆ. ಹತ್ತು ಮಿಲಿಗ್ರಾಂ ಹೆಜ್ಜೆಯ ಅಗ್ಗದ ತಕ್ಕಡಿಯಿಂದ ಉಪಯೋಗವಿಲ್ಲ. ಪೆಲೆಟ್ಟಿನ ತೂಕದಲ್ಲಿ ಅದೇ ಎರಡು ಶೇಕಡಕ್ಕೂ ಮಿಗಿಲು. ಒಳ್ಳೆಯ ಮ್ಯಾಚ್ ಡಬ್ಬಿಯಲ್ಲಿ ತೂಕದ ವಿಂಗಡಣೆಯಿಂದ ಹತ್ತು ಮೀಟರಿಗೆ ಸಿಗುವ ಲಾಭ ತೀರ ಕಡಿಮೆ. ಆ ಹೊತ್ತನ್ನು ಪೆಲೆಟ್ಟಿನ ಸ್ಕರ್ಟ್ ನೋಡಲು ಕೊಡಿ. ಹಿಂಭಾಗದ ಆ ತೆಳು ಅಂಚು ತಗ್ಗಿದ್ದರೆ, ಒಂದು ಕಡೆ ಮಡಚಿದ್ದರೆ ಗಾಳಿ ಅಲ್ಲಿಂದ ಸೋರಿ ಪೆಲೆಟ್ ಓರೆಯಾಗಿ ಹೊರಡುತ್ತದೆ. ಕೊರಿಯರ್‌ನಲ್ಲಿ ಬಂದ ಡಬ್ಬಿಯ ಮುಚ್ಚಳ ಜಜ್ಜಿದ್ದರೆ ಒಳಗಿನವೂ ಜಜ್ಜಿರುತ್ತವೆ. ಬಿಳಿ ಬಟ್ಟೆಯ ಮೇಲೆ ಹರಡಿ, ಕೆಟ್ಟವನ್ನು ಅಭ್ಯಾಸದ ಬಟ್ಟಲಿಗೂ ಸೇರಿಸದೆ ತೆಗೆದುಬಿಡಿ.

ಮದ್ದಿನ ಬದಲು ಗಾಳಿ

ರಿವಾಲ್ವರಿನಲ್ಲಿ ಮದ್ದು ಮಾಡುವ ಕೆಲಸವನ್ನು ಇಲ್ಲಿ ಒತ್ತಿ ತುಂಬಿದ ಗಾಳಿ ಮಾಡುತ್ತದೆ. ಪಿಸ್ತೂಲಿನೊಳಗಿನ ರೆಗ್ಯುಲೇಟರ್ ಪ್ರತಿ ಹೊಡೆತಕ್ಕೂ ಸಮನಾದ ಗಾಳಿ ಬಿಡುತ್ತದೆ. ವೇಗದ ಸ್ಕ್ರೂ ತಿರುಗಿಸಿ ಹೆಚ್ಚು ಶಕ್ತಿ ಪಡೆಯುವ ಆಸೆ ಬೇಡ. ಹತ್ತು ಮೀಟರಿನಲ್ಲಿ ಹೆಚ್ಚಿನ ವೇಗದಿಂದ ಅಂಕ ಹುಟ್ಟುವುದಿಲ್ಲ, ಸಮನಾದ ವೇಗದಿಂದ ಹುಟ್ಟುತ್ತದೆ. ಪರೀಕ್ಷೆ ನಡೆಯುವಾಗ ಗಾಳಿಯ ಒತ್ತಡದ ಮಾಪಕ 100 ಬಾರ್‌ಗಿಂತ ಕೆಳಗಿಳಿಯಲು ಬಿಡದೆ ತುಂಬಿಕೊಳ್ಳಿ. ಒತ್ತಡ ಬಹಳ ಇಳಿದರೆ ವೇಗ ಕುಸಿದು ತೂತುಗಳು ಕೆಳಗೆ ಸಾಲುಗಟ್ಟುತ್ತವೆ, ನೀವು ಪೆಲೆಟ್ಟಿನ ಮೇಲೆ ತಪ್ಪು ಹೊರಿಸುತ್ತೀರಿ.

ಸಿಲಿಂಡರಿನಲ್ಲಿ ತುಂಬುವುದು 200 ಬಾರ್ ಒತ್ತಡದ ಗಾಳಿ. ಗ್ಯಾರೇಜಿನ ಟೈರ್ ಕಂಪ್ರೆಸರ್ ಹತ್ತು ಬಾರ್ ದಾಟುವುದು ಅಪರೂಪ, ಅದರಿಂದ ಆಗದು. ಕೈಪಂಪು ಅಥವಾ ಡೈವಿಂಗ್ ಸಿಲಿಂಡರ್ ಬೇಕು. ವೆಲ್ಡಿಂಗ್ ಅಂಗಡಿಯ ಆಮ್ಲಜನಕವನ್ನು ಯಾವ ಕಾರಣಕ್ಕೂ ತುಂಬಿಸಬೇಡಿ. ಎಣ್ಣೆ, ಗ್ರೀಸ್ ಸವರಿದ ಭಾಗಗಳಿಗೆ ಒತ್ತಡದ ಆಮ್ಲಜನಕ ತಾಗಿದರೆ ಸ್ಫೋಟವಾಗುತ್ತದೆ. ಸಿಲಿಂಡರಿನ ಮೈಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಹತ್ತು ವರ್ಷ ಮೀರಿದ್ದನ್ನು ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ, ಮನೆಯಲ್ಲಿಯೂ ಬಳಸಬಾರದು. ಹಳೆಯ ಪಿಸ್ತೂಲು ಕೊಳ್ಳುವವರು ಬೆಲೆ ಮಾತಾಡುವ ಮೊದಲು ಈ ಅಚ್ಚನ್ನು ಓದಬೇಕು.

ಧಾರವಾಡದ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಕೈಪಂಪು ಬಳಸುವವರು ತೇವ ಹೀರುವ ಫಿಲ್ಟರ್ ಹಾಕಿಸಿಕೊಳ್ಳಲಿ. ಒದ್ದೆ ಗಾಳಿಯನ್ನು ಒತ್ತಿದಾಗ ನೀರು ಬೇರ್ಪಟ್ಟು ಸಿಲಿಂಡರಿನೊಳಗೆ ನಿಲ್ಲುತ್ತದೆ.

ಸೀಸ, ಕೈ, ಊಟ

ಮಳೆಗಾಲದಲ್ಲಿ ತೆರೆದಿಟ್ಟ ಪೆಲೆಟ್ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅದು ಸೀಸದ ಕಿಲುಬು. ನಳಿಕೆಗೂ ಒಳ್ಳೆಯದಲ್ಲ, ಉಸಿರಿಗೂ ಅಲ್ಲ. ಡಬ್ಬಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ತೇವ ಹೀರುವ ಸಣ್ಣ ಪೊಟ್ಟಣದೊಂದಿಗೆ ಗಾಳಿಯಾಡದ ಪೆಟ್ಟಿಗೆಯಲ್ಲಿಡಿ. ಬಿಳಿಪುಡಿ ಕಂಡದ್ದನ್ನು ಬಳಸಬೇಡಿ.

ಮಕ್ಕಳ ದೇಹಕ್ಕೆ ಇಷ್ಟು ಸೀಸ ಸೇರಿದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ. ಪೆಲೆಟ್ ತುಂಬಿದ ಬೆರಳಿನಿಂದಲೇ ಗಿರಮಿಟ್ಟು ತಿನ್ನುವ ಹುಡುಗರನ್ನು ಕಂಡರೆ ದಯವಿಟ್ಟು ತಡೆಯಿರಿ. ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿ ಹಿಡಿಯಬಾರದು. ಅಭ್ಯಾಸ ಮುಗಿದೊಡನೆ ಸಾಬೂನು ಹಚ್ಚಿ ಕೈ ಮುಖ ತೊಳೆಯಬೇಕು, ಆ ಬಟ್ಟೆಯಲ್ಲೇ ಊಟಕ್ಕೆ ಕೂರಬಾರದು. ಪೆಟ್ಟಿಗೆಯಲ್ಲಿ ಬಿದ್ದ ಸೀಸವನ್ನು ಪೊರಕೆಯಿಂದ ಗುಡಿಸಿದರೆ ದೂಳೇಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ವರ್ಷಕ್ಕೆ 15,000 ಪೆಲೆಟ್ ಎಂದರೆ ಸುಮಾರು ಏಳು ಕಿಲೋ ಸೀಸ ಕೂಡುತ್ತದೆ. ಅದನ್ನು ಮನೆಯ ಒಲೆಯಲ್ಲಿ ಕರಗಿಸದೆ, ಮುಚ್ಚಿದ ಡಬ್ಬದಲ್ಲಿ ಕೂಡಿಟ್ಟು ಹಳೆಯ ಬ್ಯಾಟರಿ ಸೀಸ ಕೊಳ್ಳುವ ಪರವಾನಗಿ ಇರುವವರಿಗೆ ಕೊಡಿ.

ಆರಿಸಿದ ಮೇಲೆ

ಗೆದ್ದ ಡಬ್ಬಿಯ ಹೆಸರು, ತೂಕ, ತಲೆಯ ಅಳತೆ, ಲಾಟ್ ನಂಬರ್, ಐದು ಗ್ರೂಪಿನ ಅಳತೆ ಮತ್ತು ದಿನಾಂಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪರೀಕ್ಷೆಯ ಕಾಗದಗಳನ್ನು ಅದೇ ಪುಟಕ್ಕೆ ಅಂಟಿಸಿ. ಅದೇ ದಿನ ಮಾರುವವರಿಗೆ ಫೋನ್ ಮಾಡಿ ಅದೇ ಲಾಟ್ ತರಿಸಿ. ಬಂದ ಡಬ್ಬಿಗಳಲ್ಲಿ ಒಂದಕ್ಕಾದರೂ ಬೇರೆ ನಂಬರ್ ಇದೆಯೇ ಎಂದು ನೋಟ್‌ಬುಕ್ಕಿನಲ್ಲಿ ಬರೆದದ್ದರೊಂದಿಗೆ ಹೋಲಿಸಿ ನೋಡಿ. ಸ್ಪರ್ಧೆಗೆ ಹೊರಡುವ ಮುನ್ನ 60 ಪೆಲೆಟ್ಟಿನ ಜೊತೆ ಅಭ್ಯಾಸದ ಹೊಡೆತಗಳಿಗೆ ಬೇಕಾದಷ್ಟನ್ನು ಗುಳಿಗುಳಿಯ ತಟ್ಟೆಯಲ್ಲಿ ಒಂದೊಂದಾಗಿ ಜೋಡಿಸಿಕೊಂಡರೆ ಪ್ರಯಾಣದಲ್ಲಿ ಸ್ಕರ್ಟ್ ತಗ್ಗುವುದಿಲ್ಲ. ಸ್ಪರ್ಧೆಯ ಲಾಟ್‌ನಲ್ಲಿ ಕೊನೆಯ ಎರಡು ಡಬ್ಬಿ ಉಳಿದಾಗ ಹೊಸ ಲಾಟ್‌ನ ಒಂದು ಡಬ್ಬಿ ತರಿಸಿ, ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಪರೀಕ್ಷೆಯನ್ನು ಮತ್ತೆ ಮಾಡಿ.